ಅಂಚು ಕಟ್ಟಿದ ಹಾರೆ

ಸಂಘದ ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಠೇವಣಿ, ಸಾಲ, ಲಾಭಾಂಶದ ಲೆಕ್ಕ ಬೇರೆ ಪುಟಗಳಲ್ಲಿದೆ. ನಾವಿಲ್ಲಿ ಹೇಳಹೊರಟಿರುವುದು ಆ ಲೆಕ್ಕಕ್ಕೆಲ್ಲ ಮೊದಲಿನ ಒಂದು ಸಲಕರಣೆಯ ಕತೆ. ಅದೇ ಹಾರೆ, ನಮ್ಮ ಬಾಯಲ್ಲಿ 'ಹಾರಿ'.

ಘಟ್ಟದ ಮೇಲೆ ಹಾರೆ ಅಂದರೆ ನೆಟ್ಟಗಿನ ಕಬ್ಬಿಣದ ಕೋಲು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಾರೆ ಅಂದರೆ ಅಗಲ ಬಾಯಿಯ, ಮರದ ಕಾವು ಹಾಕಿದ, ಮಣ್ಣು ಕಡಿದು ತನ್ನತ್ತ ಎಳೆಯುವ ಸಾಧನ. ಮುರಕಲ್ಲು ನೆಲದಲ್ಲಿ ಪಿಕಾಸಿ ಮುಂದೆ, ಹಾರೆ ಹಿಂದೆ. ಬೈಲು ಗದ್ದೆಯಲ್ಲಿ ಮಾತ್ರ ಹಾರೆಯದೇ ಕಾರುಬಾರು. ಕೋಣದ ನೇಗಿಲು ತಲುಪದ ಮೂಲೆ ಅಗೆಯಲು, ಅಂಚು ಕಡಿದು ಕೆಸರು ಮೆತ್ತಲು, ತೆಂಗಿನ ಬುಡ ಬಿಡಿಸಲು ಅದೇ ಬೇಕು.

ಹಿಂದೆ ಊರಿನ ಕಮ್ಮಾರರೇ ಕುಲುಮೆಯಲ್ಲಿ ಬಡಿದು ಕೊಡುತ್ತಿದ್ದರು. ಬಾಯಿ ಸವೆದರೆ ಕಾಯಿಸಿ ತಟ್ಟಿಸುವುದು, ಕಾವು ಮುರಿದರೆ ಬಲಿತ ಮರ ಕೆತ್ತಿ ಹಾಕುವುದು. 1920ರ ದಶಕದಿಂದ ಟಾಟಾದವರು ಜೆಮ್‌ಶೆಡ್‌ಪುರದಲ್ಲಿ ಕೃಷಿ ಸಲಕರಣೆ ತಯಾರಿಸತೊಡಗಿದರು. ಕಾರ್ಖಾನೆಯ ಹಾರೆ ಪೇಟೆಗೆ ಬಂದ ಹಾಗೆ ಕುಲುಮೆಗಳು ಒಂದೊಂದಾಗಿ ಆರಿದವು.

ಆದರೆ ಹಾರೆ ಹಿಡಿದವರಲ್ಲಿ ಹೆಚ್ಚಿನವರದ್ದು ಸ್ವಂತ ಗದ್ದೆಯಲ್ಲ. ಮೂಲಗೇಣಿಯವರಿಗೆ ಅಷ್ಟಿಷ್ಟು ಭದ್ರತೆ ಇತ್ತು. ಚಾಲಗೇಣಿಯವರು ಈ ವರ್ಷ ಕಟ್ಟಿದ ಅಂಚಿನ ಮೇಲೆ ಬರುವ ವರ್ಷ ಯಾರು ನಡೆಯುತ್ತಾರೋ ಹೇಳುವಂತಿರಲಿಲ್ಲ. ನಮ್ಮ ಕೋಟದ ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನ ಆಸೆ ಸ್ವಂತ ಬೇಸಾಯದ್ದು, ಅದು ಕೈಗೂಡಲೇ ಇಲ್ಲ. ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿ ಜಿಲ್ಲೆಗೆ ದಾರಿ ತೋರಿಸಿದ್ದರು. ಆದರೂ ಭೂಮಿಯ ಕಾಗದ ಇಲ್ಲದವನಿಗೆ ಸಾಲದ ಬಾಗಿಲು ಅರ್ಧವೇ ತೆರೆದಿತ್ತು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಯಾಯಿತು. ಡಿಕ್ಲರೇಷನ್ ಕೊಟ್ಟು, ಭೂನ್ಯಾಯ ಮಂಡಳಿ ಮುಂದೆ ನಿಂತು ಗೇಣಿದಾರರು ಒಡೆಯರಾದರು. ಪಹಣಿಯಲ್ಲಿ ಹೆಸರು ಬಂತು, ಬೆಳೆಸಾಲವೂ ಬಂತು. ಗೇಣಿಯೂ ಇಲ್ಲದ ಕೂಲಿಯವರಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. ಅದನ್ನೂ ನಾವು ಮರೆಯಬಾರದು.

ಹಾರೆ ಒಬ್ಬರ ಕೆಲಸಕ್ಕಷ್ಟೇ ಇದ್ದದ್ದಲ್ಲ. ಮಳೆ ನಿಂತ ಮೇಲೆ ಬೈಲಿನವರೆಲ್ಲ ಸೇರಿ ತೋಡಿಗೆ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ ಹಾಕುತ್ತಿದ್ದರು. ಮನೆಗೊಂದು ಆಳು, ಆಳಿಗೊಂದು ಹಾರೆ. ಆ ನೀರಿನಿಂದ ಸುಗ್ಗಿ ಬೆಳೆ ಆಗುತ್ತಿತ್ತು, ಆಸುಪಾಸಿನ ಬಾವಿಗೂ ಒಸರು ಸಿಗುತ್ತಿತ್ತು. ಹೊಳೆ ಬದಿಯಲ್ಲಿ ಉಪ್ಪುನೀರು ಗದ್ದೆಗೆ ನುಗ್ಗದಂತೆ ತಡೆದದ್ದೂ ಇಂಥ ಕಟ್ಟಗಳೇ. ಸಹಕಾರ ಅನ್ನುವ ಶಬ್ದ ರಿಜಿಸ್ಟರ್ ಪುಸ್ತಕಕ್ಕೆ ಬರುವ ಮೊದಲೇ ತೋಡಿನಲ್ಲಿತ್ತು.

ಈಗ ಮಕ್ಕಳು ಬೆಂಗಳೂರು, ಮುಂಬಯಿ, ಗಲ್ಫ್ ಸೇರಿದ್ದಾರೆ. ಇಡೀ ದಿನದ ಕೆಲಸ ಜೆಸಿಬಿ ಗಳಿಗೆಯಲ್ಲಿ ಮುಗಿಸುತ್ತದೆ, ತಪ್ಪೇನಲ್ಲ. ಆದರೆ ಹಾಳುಬಿದ್ದ ಅಂಚಿನೊಳಗೆ ಜೆಸಿಬಿ ಇಳಿಯುವುದಿಲ್ಲ. ಹಳೆ ಕಿಂಡಿ ಅಣೆಕಟ್ಟಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಲು ಇವತ್ತಿಗೂ ಹಾರೆಯೇ ಬೇಕು. ಭೂಮಿ ಇಲ್ಲದ ಕಾಲದಲ್ಲಿ ಹಾರೆ ಇತ್ತು, ಭೂಮಿ ಬಂದ ಕಾಲದಲ್ಲಿ ಹಾರೆ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದೆ. ಸದಸ್ಯ ಬಾಂಧವರೇ, ಈ ಸಲ ಹಲಗೆ ಹಾಕುವ ದಿನ ಮನೆಗೊಬ್ಬರು ಹಾರಿ ಹಿಡ್ಕೊಂಡು ತೋಡಿಗೆ ಬನ್ನಿ.