ಧೂಮಕೇತುವಿನ ಪಂಚಾಂಗ ಬರೆದವರು

ಹ್ಯಾಲಿ ಧೂಮಕೇತು ಈ ಕ್ಷಣ ಎಲ್ಲಿದೆ ಅಂತ ತಿಳಿಯುವುದು ಈಗ ಎರಡು ನಿಮಿಷದ ಕೆಲಸ. ನಾಸಾದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯ 'ಹೊರೈಜನ್ಸ್' ವ್ಯವಸ್ಥೆಗೆ ಯಾವ ಕಾಯ, ಯಾವ ದಿನದಿಂದ ಯಾವ ದಿನದವರೆಗೆ ಅಂತ ಹೇಳಿದರೆ ಸಾಕು, ದಿನವಾರು ಪಟ್ಟಿ ಮುಂದಿಡುತ್ತದೆ. ಬೇಕಿದ್ದರೆ ಅದೇ ಪಥವನ್ನು ಎಸ್‌ಪಿಕೆ ಎಂಬ ಬೈನರಿ ಫೈಲ್ ಮಾಡಿಯೂ ಕೊಡುತ್ತದೆ. ಆ ಫೈಲನ್ನು ನಮ್ಮ ಪ್ರೋಗ್ರಾಮಿಗೆ ಲೋಡ್ ಮಾಡಿ, ಜೊತೆಗೆ ಗ್ರಹಗಳ ಫೈಲು, ಲೀಪ್ ಸೆಕೆಂಡಿನ ಫೈಲು ಹಾಕಿ, ಒಂದು ಹೊತ್ತು ಕೊಟ್ಟರೆ ಧೂಮಕೇತುವಿನ ಸ್ಥಾನ, ವೇಗ ಎರಡೂ ಸಿಗುತ್ತವೆ. ಇಂಥ ಪಟ್ಟಿಗೆ ಇಂಗ್ಲಿಷಿನಲ್ಲಿ ಎಫೆಮೆರಿಸ್ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಅದೂ ಒಂದು ಪಂಚಾಂಗವೇ!

ಇಷ್ಟು ಸಲೀಸಾಗಿ ಸಿಗುವ ಈ ಪಂಚಾಂಗವನ್ನು ಮೊದಲ ಸಲ ಕೈಯಲ್ಲೇ ಬರೆದವರ ಕಥೆ ನಿಮಗೆ ಹೇಳಬೇಕೆನಿಸಿತು.

1531, 1607, 1682ರಲ್ಲಿ ಕಂಡ ಮೂರು ಧೂಮಕೇತುಗಳು ಬೇರೆಬೇರೆಯಲ್ಲ, ಒಂದೇ ಧೂಮಕೇತು ಮತ್ತೆ ಮತ್ತೆ ಬರುತ್ತಿದೆ ಎಂದು ಎಡ್ಮಂಡ್ ಹ್ಯಾಲಿ 1705ರಲ್ಲಿ ಪ್ರಕಟಿಸಿದ. 1758ರ ಸುಮಾರಿಗೆ ಮತ್ತೆ ಬರುತ್ತದೆ ಎಂದೂ ಹೇಳಿದ. ಆದರೆ ಅದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ, 1742ರಲ್ಲಿ ತೀರಿಕೊಂಡ. ಇಲ್ಲೊಂದು ತೊಡಕಿತ್ತು. ಹಿಂದಿನ ಸುತ್ತುಗಳ ಅವಧಿಯನ್ನೇ ನೋಡಿ, ಒಂದು 76 ವರ್ಷ, ಇನ್ನೊಂದು 75 ವರ್ಷ. ದಾರಿಯಲ್ಲಿ ಗುರು, ಶನಿ ಗ್ರಹಗಳು ಎಳೆಯುವುದರಿಂದ ಧೂಮಕೇತು ಒಮ್ಮೆ ಬೇಗ, ಒಮ್ಮೆ ತಡ. ಹಾಗಾಗಿ "ಸುಮಾರಿಗೆ" ಅಂದರೆ ಎಷ್ಟು ಅಂತ ಯಾರಿಗೂ ಗೊತ್ತಿರಲಿಲ್ಲ.

1757ರಲ್ಲಿ ಪ್ಯಾರಿಸ್ಸಿನ ಗಣಿತಜ್ಞ ಅಲೆಕ್ಸಿ ಕ್ಲೆರೋ ಈ ಲೆಕ್ಕಕ್ಕೆ ಕೈಹಾಕಿದ. ಸೂತ್ರಗಳು ಅವನವು. ಆದರೆ ಅಂಕಿಗಳನ್ನು ರುಬ್ಬಬೇಕಲ್ಲ? ಅದಕ್ಕೆ ಜೊತೆಯಾದವರು ಇಬ್ಬರು: ಯುವ ಖಗೋಳಜ್ಞ ಜೆರೋಮ್ ಲಲಾಂದ್, ಮತ್ತು ರಾಜನ ಗಡಿಯಾರ ತಯಾರಕನ ಹೆಂಡತಿ ನಿಕೋಲ್-ರೇನ್ ಲೆಪೋತ್. ಧೂಮಕೇತು ಒಂದೊಂದು ಡಿಗ್ರಿ ಮುಂದೆ ಸರಿದಂತೆಲ್ಲ ಅದರಿಂದ ಗುರು ಎಷ್ಟು ದೂರ, ಶನಿ ಎಷ್ಟು ದೂರ, ಯಾವ ಕಡೆಗೆ ಎಷ್ಟು ಎಳೆತ ಅಂತ ನೂರೈವತ್ತು ವರ್ಷಗಳ ಪಥಕ್ಕೆ ಲೆಕ್ಕ ಹಾಕಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದೊಂದು ದೊಡ್ಡ ಲೂಪ್, ಓಡಿಸಲು ಮೆಷೀನ್ ಇಲ್ಲ ಅಷ್ಟೇ! ಆರು ತಿಂಗಳು ಬೆಳಗಿನಿಂದ ರಾತ್ರಿಯವರೆಗೆ, ಕೆಲವೊಮ್ಮೆ ಊಟ ಮಾಡುತ್ತಲೂ ಲೆಕ್ಕ ಮಾಡಿದೆವು ಎಂದು ಲಲಾಂದ್ ಆಮೇಲೆ ಬರೆದುಕೊಂಡಿದ್ದಾನೆ. ಆ ದುಡಿಮೆಯಿಂದ ತನ್ನ ಆರೋಗ್ಯವೇ ಕೆಟ್ಟಿತು ಎಂದೂ, ಲೆಪೋತ್ ಇಲ್ಲದಿದ್ದರೆ ಈ ಕೆಲಸಕ್ಕೆ ಧೈರ್ಯವೇ ಬರುತ್ತಿರಲಿಲ್ಲ ಎಂದೂ ಹೇಳಿದ್ದಾನೆ.

ಅವರಿಗೊಂದು ಡೆಡ್‌ಲೈನ್ ಕೂಡ ಇತ್ತು. ಧೂಮಕೇತು ಕಾಣಿಸಿಕೊಂಡ ಮೇಲೆ ಭವಿಷ್ಯ ನುಡಿದು ಏನು ಪ್ರಯೋಜನ? 1758ರ ನವೆಂಬರ್ 14ರಂದು ಕ್ಲೆರೋ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೆ ಫಲಿತಾಂಶ ಓದಿದ. ಈ ಸಲದ ಸುತ್ತು ಹಿಂದಿನದಕ್ಕಿಂತ 618 ದಿನ ಉದ್ದ, ಅದರಲ್ಲಿ ಗುರುವಿನಿಂದ 518, ಶನಿಯಿಂದ 100. 1759ರ ಏಪ್ರಿಲ್ ಮಧ್ಯಭಾಗದಲ್ಲಿ ಅದು ಸೂರ್ಯನಿಗೆ ಅತಿ ಹತ್ತಿರ ಬರುತ್ತದೆ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ: ಒಂದು ತಿಂಗಳು ಆಚೀಚೆ ಆಗಬಹುದು.

ನಿಜವಾಗಿ ಅದು ಬಂದದ್ದು ಮಾರ್ಚ್ 13ಕ್ಕೆ. ಎಪ್ಪತ್ತಾರು ವರ್ಷದ ಪಯಣದಲ್ಲಿ ಸುಮಾರು ಒಂದು ತಿಂಗಳ ವ್ಯತ್ಯಾಸ. ಶನಿಯ ದ್ರವ್ಯರಾಶಿ ಸರಿಯಾಗಿ ಗೊತ್ತಿಲ್ಲದ, ಯುರೇನಸ್, ನೆಪ್ಚೂನ್ ಇವೆಯೆಂದೇ ತಿಳಿಯದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ.

ಇದೇ ಊರಿನಲ್ಲಿ ಇನ್ನೊಂದು ಪಂಚಾಂಗವೂ ಇತ್ತು. ಖಗೋಳಜ್ಞ ಜೋಸೆಫ್ ದೆಲಿಲ್ ಧೂಮಕೇತು ಮೊದಲು ಎಲ್ಲೆಲ್ಲಿ ಕಾಣಿಸಬಹುದು ಎಂದು ಆಕಾಶದ ನಕ್ಷೆಯ ಮೇಲೆ ಮೊಟ್ಟೆಯಾಕಾರದ ಗೆರೆ ಎಳೆದು ತನ್ನ ಸಹಾಯಕ ಶಾರ್ಲ್ ಮೆಸ್ಸಿಯರ್ ಕೈಗೆ ಕೊಟ್ಟಿದ್ದ. ಸೂರ್ಯನ ಬಳಿ ಬರುವ ಇಷ್ಟು ದಿನ ಮೊದಲು ಮಾತ್ರ ಅದು ಕಣ್ಣಿಗೆ ಬೀಳುತ್ತದೆ ಎಂಬ ಊಹೆಯ ಮೇಲೆ ಎಳೆದ ಗೆರೆ ಅದು. ಪಾಪ ಮೆಸ್ಸಿಯರ್, ಆ ನಕ್ಷೆ ಹಿಡಿದು ಸುಮಾರು ಒಂದೂವರೆ ವರ್ಷ ಹುಡುಕಿದ. ಅಷ್ಟರಲ್ಲಿ 1758ರ ಡಿಸೆಂಬರ್ 25ರ ರಾತ್ರಿ ಜರ್ಮನಿಯ ಡ್ರೆಸ್ಡೆನ್ ಹತ್ತಿರದ ರೈತ ಯೋಹಾನ್ ಪಾಲಿಚ್ ತನ್ನ ದೂರದರ್ಶಕದಲ್ಲಿ ಅದನ್ನು ನೋಡಿಯೇಬಿಟ್ಟ! ಮೆಸ್ಸಿಯರ್‌ಗೆ ಅದು ಸಿಕ್ಕಿದ್ದು ಜನವರಿ 21ಕ್ಕೆ, ಅದೂ ನಕ್ಷೆಯ ಗೆರೆಯಿಂದ ಆಚೆ. ದೆಲಿಲ್ ಆಗಲೂ ಸುದ್ದಿ ಹೊರಗೆ ಬಿಡಲಿಲ್ಲ. ಪ್ಯಾರಿಸ್ಸಿನ ಉಳಿದವರಿಗೆ ಗೊತ್ತಾದದ್ದು ಏಪ್ರಿಲ್ 1ರಂದು.

ಎರಡೂ ಪಂಚಾಂಗಗಳಲ್ಲಿ ತಪ್ಪಿತ್ತು. ವ್ಯತ್ಯಾಸ ಇಷ್ಟೇ, ಒಂದು ತನ್ನಲ್ಲಿ ಎಷ್ಟು ತಪ್ಪಿರಬಹುದು ಎಂದು ಹೇಳಿಕೊಂಡಿತ್ತು, ಇನ್ನೊಂದು ನೋಡುವವನ ಕಣ್ಣನ್ನೇ ಗೆರೆಯೊಳಗೆ ಕಟ್ಟಿಹಾಕಿತ್ತು.

ಆಮೇಲೆ ಲೆಕ್ಕ ಸುಧಾರಿಸಿತು. 1910ರ ಆಗಮನಕ್ಕೆ ಗ್ರೀನಿಚ್‌ನ ಕೋವೆಲ್ ಮತ್ತು ಕ್ರೋಮೆಲಿನ್ ಹಾಕಿದ ಲೆಕ್ಕದಲ್ಲಿ ಸುಮಾರು ಮೂರು ದಿನದ ವ್ಯತ್ಯಾಸ ಉಳಿಯಿತು. ಎಲ್ಲ ಗ್ರಹಗಳನ್ನು ಸೇರಿಸಿದರೂ ಈ ಮೂರು ದಿನ ಹೋಗಲೊಲ್ಲದು. ಉತ್ತರ ಧೂಮಕೇತುವಿನ ಒಳಗೇ ಇತ್ತು. ಅದು ಧೂಳು ಬೆರೆತ ಮಂಜಿನ ಉಂಡೆ ಎಂದು ಫ್ರೆಡ್ ವಿಪ್ಪಲ್ 1950ರಲ್ಲಿ ಹೇಳಿದ. ಬಿಸಿಲು ತಾಗಿದ ಕಡೆ ಮಂಜು ಅನಿಲವಾಗಿ ಚಿಮ್ಮುತ್ತದೆ, ಆ ಚಿಮ್ಮುವಿಕೆ ಧೂಮಕೇತುವನ್ನು ರಾಕೆಟ್ಟಿನಂತೆ ತುಸು ತಳ್ಳುತ್ತದೆ. ಅದರಿಂದಲೇ ಹ್ಯಾಲಿ ಪ್ರತಿ ಸುತ್ತಿಗೂ ನಾಲ್ಕು ದಿನದಷ್ಟು ತಡ. ಈಗಿನ ಫೈಲುಗಳಲ್ಲಿ ಈ ತಳ್ಳುವಿಕೆಗೆಂದೇ ಎ1, ಎ2, ಎ3 ಎಂಬ ಅಂಕಿಗಳಿವೆ. ಅವು ವೀಕ್ಷಣೆಗೆ ಹೊಂದಿಸಿ ತೆಗೆದ ಅಂಕಿಗಳು. ಹಾಗಾಗಿಯೇ ಹೊರೈಜನ್ಸ್‌ನಲ್ಲಿ ಹ್ಯಾಲಿ ಎಂದು ಕೇಳಿದರೆ ಒಂದೇ ಉತ್ತರ ಬರುವುದಿಲ್ಲ, ಬೇರೆಬೇರೆ ಆಗಮನಗಳ ಕಕ್ಷೆಗಳ ಉದ್ದ ಪಟ್ಟಿ ಬರುತ್ತದೆ. ನಮಗೆ ಬೇಕಾದ ಕಾಲದ್ದನ್ನು ನಾವೇ ಆರಿಸಬೇಕು.

ತಪ್ಪಿನ ಅಳತೆ ಗೊತ್ತಿದ್ದರೆ ಏನು ಮಾಡಬಹುದು ಎನ್ನುವುದಕ್ಕೆ 1986 ಸಾಕ್ಷಿ. ಯೂರೋಪಿನ ಜೋತ್ತೋ ನೌಕೆ ಹ್ಯಾಲಿಯ ತೀರಾ ಹತ್ತಿರ ಹಾಯಬೇಕಿತ್ತು. ಆದರೆ ನ್ಯೂಕ್ಲಿಯಸ್ ತನ್ನದೇ ಧೂಳಿನಲ್ಲಿ ಮುಚ್ಚಿಹೋಗಿತ್ತು, ಭೂಮಿಯಿಂದ ನೋಡಿದ ಲೆಕ್ಕ ಸಾಲದು. ಆಗ ಮಾರ್ಚ್ 6 ಮತ್ತು 9ರಂದು ಹ್ಯಾಲಿಯನ್ನು ಹಾದ ಸೋವಿಯತ್ ವೇಗಾ ನೌಕೆಗಳ ಚಿತ್ರಗಳನ್ನು ಬಳಸಿದರು. ವೇಗಾ ನೌಕೆಗಳು ಖಚಿತವಾಗಿ ಎಲ್ಲಿವೆ ಎಂದು ಅಳೆದುಕೊಟ್ಟದ್ದು ಅಮೆರಿಕದ ಆಂಟೆನಾಗಳು. ಶೀತಲ ಸಮರದ ನಡುವೆ ಮೂರೂ ಕಡೆಯವರು ಕೂಡಿ ಪಥವನ್ನು ಮತ್ತೆ ಬರೆದರು. ಅನಿಶ್ಚಿತತೆ ಸುಮಾರು 40 ಕಿ.ಮೀ.ಗೆ ಇಳಿಯಿತು. ಜೋತ್ತೋ ನ್ಯೂಕ್ಲಿಯಸ್ಸಿನಿಂದ 596 ಕಿ.ಮೀ. ದೂರದಲ್ಲಿ ಹಾದುಹೋಯಿತು.

ಇನ್ನು ಲೆಪೋತ್ ವಿಷಯ. 1760ರಲ್ಲಿ ಕ್ಲೆರೋ ತನ್ನ ಧೂಮಕೇತು ಸಿದ್ಧಾಂತದ ಪುಸ್ತಕ ಪ್ರಕಟಿಸಿದಾಗ ಆಕೆಗೆ ಸಲ್ಲಬೇಕಾದ ಮನ್ನಣೆ ಅದರಲ್ಲಿ ಇರಲಿಲ್ಲ. ಆಕೆಯ ದುಡಿಮೆ ಇವತ್ತು ನಮಗೆ ತಿಳಿದಿರುವುದು ಲಲಾಂದ್ ಬಾಯಿಬಿಟ್ಟು ಹೇಳಿದ್ದರಿಂದ. ಆಕೆ ಮಾತ್ರ ಲೆಕ್ಕ ಬಿಡಲಿಲ್ಲ. ಮುಂದೆ ಲಲಾಂದ್ ಜೊತೆ ಫ್ರೆಂಚ್ ಖಗೋಳ ಪಂಚಾಂಗಕ್ಕೆ ವರ್ಷಗಟ್ಟಲೆ ದುಡಿದಳು.

ಎಸ್‌ಪಿಕೆ ಫೈಲಿನಲ್ಲಿ ಅಂಕಿಗಳ ಜೊತೆ ಕಾಮೆಂಟಿಗೆಂದೇ ಒಂದು ಜಾಗವಿದೆ. ಯಾವ ಕಕ್ಷೆಯ ಲೆಕ್ಕದಿಂದ ಇದು ಬಂತು, ಯಾರು ಮಾಡಿದ್ದು, ಯಾವಾಗ ಎಂಬುದನ್ನು ಬರೆದಿಡುವ ಜಾಗ ಅದು. ಪ್ರೋಗ್ರಾಮಿಗೆ ಅದು ಬೇಕಿಲ್ಲ, ಓದದೆಯೂ ಓಡುತ್ತದೆ. ಬೇಕಿರುವುದು ನಮಗೆ. ಅದನ್ನು ಓದದೆ ಬರೀ ಅಂಕಿ ಎತ್ತಿಕೊಂಡರೆ ನಮ್ಮ ಕೈಯಲ್ಲಿರುವುದು ದೆಲಿಲ್‌ನ ನಕ್ಷೆ. ಅದನ್ನು ಅಳಿಸಿ ಬೇರೆಯವರಿಗೆ ದಾಟಿಸಿದರೆ ನಾವು ಮಾಡಿದ್ದು ಕ್ಲೆರೋ ಮಾಡಿದ್ದನ್ನೇ.

2023ರ ಡಿಸೆಂಬರಿನಲ್ಲಿ ಹ್ಯಾಲಿ ತನ್ನ ಪಥದ ಅತಿ ದೂರದ ತುದಿ ಮುಟ್ಟಿ ಇತ್ತ ತಿರುಗಿದೆ. 2061ರ ಜುಲೈ 28ರಂದು ಸೂರ್ಯನ ಹತ್ತಿರ ಬರುತ್ತದೆ ಎನ್ನುತ್ತದೆ ಈಗಿನ ಲೆಕ್ಕ. ಅಷ್ಟರೊಳಗೆ ಈ ಫೈಲನ್ನು ಇನ್ನೂ ಎಷ್ಟು ಜನ, ಎಷ್ಟು ಸಲ ಹೊಸದಾಗಿ ಬರೆಯುತ್ತಾರೋ! 1986ರಲ್ಲಿ ಹ್ಯಾಲಿಯನ್ನು ಕಣ್ಣಾರೆ ನೋಡಿದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಕೇಳಿ ಬರೆಯಿರಿ, ಓದಲು ಕಾದಿರುತ್ತೇನೆ.