ನಾಯಿ, ಬೆಕ್ಕಿಗೆ ಹುಷಾರಿಲ್ವಾ? ಮನೆಯಲ್ಲಿರೋ ಗುಳಿಗೆ ಕೊಡೋ ಮೊದಲು ಇದನ್ನ ಓದಿ

ಶಿವಮೊಗ್ಗ: ಮಲೆನಾಡಿನಲ್ಲಿ ನಾಯಿ ಇಲ್ಲದ ತೋಟದ ಮನೆ ಸಿಗೋದು ಕಷ್ಟ. ಪೇಟೆಯಲ್ಲೂ ಅಷ್ಟೆ, ದಿನಸಿ ಅಂಗಡಿ ಅಂದ್ಮೇಲೆ ಇಲಿ ಕಾಯೋಕೆ ಒಂದು ಬೆಕ್ಕು ಇದ್ದೇ ಇರತ್ತೆ. ಮನೆ ಮಕ್ಕಳ ಹಾಗೆ ಸಾಕಿದ ಈ ಪ್ರಾಣಿಗಳು ಊಟ ಬಿಟ್ಟು ಮೂಲೆ ಹಿಡಿದಾಗ ಮಾತ್ರ ‘ನಾಳೆ ನೋಡೋಣ, ತಾನಾಗೇ ಸರಿ ಹೋಗತ್ತೆ’ ಅನ್ನುವವರೇ ಜಾಸ್ತಿ. ಇಲ್ಲಾಂದ್ರೆ ಮನೆಯಲ್ಲಿರುವ ಜ್ವರದ ಗುಳಿಗೆ ಅರ್ಧ ಮುರಿದು ಅನ್ನದಲ್ಲಿ ಕಲಸಿ ಹಾಕ್ತಾರೆ. ಬದುಕಬಹುದಾಗಿದ್ದ ಎಷ್ಟೋ ಪ್ರಾಣಿಗಳು ಸಾಯೋದು ಈ ಎರಡು ಅಭ್ಯಾಸದಿಂದಲೇ. ಯಾವುದಕ್ಕೆ ಮನೆಯಲ್ಲೇ ಆರೈಕೆ ಸಾಕು, ಯಾವುದಕ್ಕೆ ಅದೇ ದಿನ ಡಾಕ್ಟರ್ ಹತ್ತಿರ ಓಡಬೇಕು ಎಂಬ ಮಾಹಿತಿ ಇಲ್ಲಿದೆ.

ಮೈ ಬಿಸಿ ಇದ್ದ ಮಾತ್ರಕ್ಕೆ ಜ್ವರ ಅಲ್ಲ

ಮನುಷ್ಯರ ಮೈ ಬಿಸಿ ಸಾಮಾನ್ಯವಾಗಿ 98.6 ಡಿಗ್ರಿ ಫ್ಯಾರನ್‌ಹೀಟ್. ನಾಯಿ, ಬೆಕ್ಕಿನದು 101ರಿಂದ 102.5 ಡಿಗ್ರಿ. ಹಾಗಾಗಿ ಆರೋಗ್ಯವಾಗಿರುವ ನಾಯಿಯನ್ನು ಮುಟ್ಟಿದರೂ ನಮ್ಮ ಕೈಗೆ ಬಿಸಿ ಅನಿಸತ್ತೆ. ಇದನ್ನೇ ಜ್ವರ ಅಂದುಕೊಂಡು ಗುಳಿಗೆ ಕೊಟ್ಟರೆ ಇಲ್ಲದ ಕಾಯಿಲೆ ತಂದುಕೊಂಡ ಹಾಗೆ.

ಬೆಕ್ಕಿಗಂತೂ ಪ್ಯಾರಾಸಿಟಮಾಲ್ ವಿಷ. ಅದನ್ನು ಕರಗಿಸಿ ಹೊರಗೆ ಹಾಕುವ ಶಕ್ತಿ ಬೆಕ್ಕಿನ ದೇಹಕ್ಕಿಲ್ಲ. 500 ಎಂಜಿಯ ಒಂದೇ ಗುಳಿಗೆ ಜೀವ ತೆಗೆಯಬಹುದು. ವಸಡು ಕಂದು ಬಣ್ಣಕ್ಕೆ ತಿರುಗುತ್ತೆ, ಮುಖ ಊದಿಕೊಳ್ಳುತ್ತೆ, ಉಸಿರಾಡೋಕೆ ಕಷ್ಟಪಡುತ್ತೆ. ನಾಯಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ನೋವಿನ ಗುಳಿಗೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು, ಕಿಡ್ನಿ ಹೋಗಬಹುದು. ಮೆಡಿಕಲ್ ಶಾಪ್‌ನವರು ‘ನಾಯಿಗೆ ಒಂದು ಗುಳಿಗೆ ಕೊಡಿ’ ಅಂತ ಕೇಳಿಕೊಂಡು ಬಂದವರನ್ನ ಪಶು ಆಸ್ಪತ್ರೆಗೆ ಕಳಿಸಿದರೆ ದೊಡ್ಡ ಉಪಕಾರ.

ಮರಿ ವಾಂತಿ ಮಾಡಿದರೆ ಕಾಯಬೇಡಿ

ದೊಡ್ಡ ನಾಯಿ ಒಂದು ಸಲ ವಾಂತಿ ಮಾಡಿ, ಆಮೇಲೆ ಎಂದಿನಂತೆ ಓಡಾಡ್ತಿದ್ದರೆ ಗಾಬರಿ ಬೇಡ. ಒಂದು ಹೊತ್ತು ಊಟ ಬಿಟ್ಟು, ನಂತರ ಉಪ್ಪು, ಖಾರ ಇಲ್ಲದ ಗಂಜಿ ಅನ್ನ ಸ್ವಲ್ಪ ಸ್ವಲ್ಪ ಕೊಟ್ಟು ನೋಡಬಹುದು. ಆದರೆ ಲಸಿಕೆ ಹಾಕಿಸದ ಮರಿ ಪದೇ ಪದೇ ವಾಂತಿ ಮಾಡಿ, ಗಬ್ಬು ವಾಸನೆಯ ರಕ್ತ ಭೇದಿ ಶುರುವಾದರೆ ಅದು ಪಾರ್ವೊ ಇರಬಹುದು. ಮರಿಯನ್ನು ಕೊಲ್ಲೋದು ಹೆಚ್ಚಾಗಿ ಮೈಯಲ್ಲಿನ ನೀರಿನಂಶ ಬತ್ತಿ ಹೋಗೋದು ಮತ್ತು ಅದರ ಜೊತೆ ಏರುವ ಸೋಂಕು. ಮೊದಲ ದಿನವೇ ಡ್ರಿಪ್ ಹಾಕಿಸಿದರೆ ಬದುಕುವ ಅವಕಾಶ ಬಹಳ ಹೆಚ್ಚು. ಮೂರನೇ ದಿನ ಎತ್ತಿಕೊಂಡು ಹೋದರೆ ಡಾಕ್ಟರ್ ಕೈಯಲ್ಲೂ ಹೆಚ್ಚೇನೂ ಉಳಿದಿರಲ್ಲ. ವಾಂತಿ ಆಗ್ತಿರುವಾಗ ಬಲವಂತವಾಗಿ ಬಾಯಿಗೆ ನೀರು, ಮಜ್ಜಿಗೆ ಹುಯ್ಯಬೇಡಿ. ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಅಪಾಯ.

ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರತ್ತೆ. ಒಂದು ಮರಿ ಸತ್ತ ಅಂಗಳಕ್ಕೆ ಲಸಿಕೆ ಆಗದ ಇನ್ನೊಂದು ಮರಿ ತಂದರೆ ಅದಕ್ಕೂ ಬರಬಹುದು. ಫಿನಾಯಿಲ್ ನಂಬಬೇಡಿ, ನೆಲಕ್ಕೆ ಬ್ಲೀಚಿಂಗ್ ಬಳಸಿ. ಲಸಿಕೆಯನ್ನು ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ 16 ವಾರ ಆಗುವವರೆಗೂ ಹಾಕಿಸಬೇಕು. ಒಂದೇ ಡೋಸ್ ಹಾಕಿಸಿ ‘ಲಸಿಕೆ ಆಗಿದೆ’ ಅಂತ ಬಿಟ್ಟರೆ ಪ್ರಯೋಜನ ಇಲ್ಲ.

ಉಣುಗು ಸಣ್ಣದಲ್ಲ

ನಾಯಿ ಮಂಕಾಗಿದೆ, ಊಟ ಬಿಟ್ಟಿದೆ, ವಸಡು ಬಿಳಿಚಿದೆ, ಮೂಗಿನಲ್ಲಿ ರಕ್ತ ಅಥವಾ ಕಾಫಿ ಬಣ್ಣದ ಮೂತ್ರ ಕಾಣ್ತಿದೆ ಅಂದ್ರೆ ಉಣುಗಿನಿಂದ ಬರುವ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗತ್ತೆ. ಕೆಲವಕ್ಕೆ ಮೂರು ನಾಲ್ಕು ವಾರ ಗುಳಿಗೆ ಕೊಡಬೇಕಾಗತ್ತೆ. ನಾಲ್ಕು ದಿನಕ್ಕೆ ನಾಯಿ ಚುರುಕಾಯ್ತು ಅಂತ ನಿಲ್ಲಿಸಿದರೆ ಕಾಯಿಲೆ ತಿರುಗಿ ಬರುತ್ತೆ.

ದನಕ್ಕೆ ತಂದ ಉಣುಗಿನ ಔಷಧಿಯನ್ನು ಅಂದಾಜಿನಲ್ಲಿ ನಾಯಿಗೆ ಹಚ್ಚಬೇಡಿ. ನಾಯಿ ಮೈ ನೆಕ್ಕಿಕೊಳ್ಳುತ್ತೆ. ಬೆಕ್ಕಿಗಂತೂ ಹಚ್ಚಲೇಬೇಡಿ, ನಾಯಿಗೆ ಹಾಕುವ ಕೆಲವು ಔಷಧಿಗಳೂ ಅದಕ್ಕೆ ವಿಷ. ಇನ್ನೊಂದು ಮಾತು: ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಅದು ಹರಡೋದೂ ಕಾಡಿನ ಉಣುಗಿನಿಂದ. ಕಾಡಿಗೆ ಹೋಗಿ ಬರುವ ನಾಯಿಯ ಮೈಮೇಲಿನ ಉಣುಗನ್ನು ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಒಡೆಯಬೇಡಿ. ಚಿಮುಟದಲ್ಲಿ ತೆಗೆಯಿರಿ, ಕೈ ಸೋಪಿನಲ್ಲಿ ತೊಳೆಯಿರಿ.

ಗಾಯ, ಹಾವು, ಉಂಬಳ

ನಾಯಿಗೆ ವಾಹನ ಬಡಿದರೆ ಮೊದಲು ಬಟ್ಟೆಯಿಂದ ಅದರ ಬಾಯಿ ಕಟ್ಟಿ. ಎಷ್ಟೇ ಪಾಪದ ನಾಯಿ ಆದ್ರೂ ನೋವಿನಲ್ಲಿ ಕಚ್ಚುತ್ತೆ. ಆದರೆ ವಾಂತಿ ಮಾಡ್ತಿದ್ದರೆ, ಉಸಿರಾಟಕ್ಕೆ ಕಷ್ಟಪಡ್ತಿದ್ದರೆ ಬಾಯಿ ಕಟ್ಟಬೇಡಿ. ರಕ್ತ ಬರುವ ಜಾಗವನ್ನು ಶುಭ್ರ ಬಟ್ಟೆಯಿಂದ ಐದರಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಕಾಲು ಹಿಡಿದು ಎತ್ತದೆ, ಹಲಗೆ ಅಥವಾ ದಪ್ಪ ಗೋಣಿಚೀಲದ ಮೇಲೆ ಮಲಗಿಸಿ ಸಾಗಿಸಿ.

ಮಳೆಗಾಲದಲ್ಲಿ ಗಾಯಕ್ಕೆ ನೊಣ ಕೂತು ಬೇಗ ಹುಳ ಬೀಳುತ್ತೆ. ಅದಕ್ಕೆ ಪೆಟ್ರೋಲ್, ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ, ಚೆನ್ನಾಗಿರುವ ಮಾಂಸವೂ ಸುಡುತ್ತೆ. ಸುತ್ತಲಿನ ಕೂದಲು ಕತ್ತರಿಸಿ, ಕಾಯಿಸಿ ಆರಿಸಿದ ಉಪ್ಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಒಯ್ಯಿರಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು ಬೇಡ. ನಡೆಸದೆ ಎತ್ತಿಕೊಂಡು ಹೋಗಿ. ಹಳ್ಳದ ನೀರು ಕುಡಿದು ಬಂದ ನಾಯಿ ಸೀನುತ್ತಾ ಒಂದೇ ಹೊಳ್ಳೆಯಲ್ಲಿ ರಕ್ತ ಬಂದರೆ ಮೂಗಿನೊಳಗೆ ಉಂಬಳ ಸೇರಿರಬಹುದು. ಸುಣ್ಣ, ತಂಬಾಕು ನೀರು ಬಿಡಬೇಡಿ. ಡಾಕ್ಟರ್ ಇಕ್ಕಳದಲ್ಲಿ ತೆಗೆಯುತ್ತಾರೆ. ಕಾಡಂಚಿನ ಮನೆಯವರು ಚಿರತೆ ಭಯಕ್ಕೆ ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟದೆ ಒಳಗೆ ಬಿಟ್ಟುಕೊಳ್ಳೋದು ಒಳ್ಳೇದು.

ಅಂಗಡಿ ಬೆಕ್ಕು, ಇಲಿ ಪಾಷಾಣ

ಬೆಕ್ಕು ಸಾಕಿರುವ ಅಂಗಡಿಯಲ್ಲಿ ಇಲಿ ಪಾಷಾಣ ಇಡಬೇಡಿ. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೂ ಅಪಾಯವೇ. ಕೆಲವು ಪಾಷಾಣ ರಕ್ತ ಹೆಪ್ಪುಗಟ್ಟೋದನ್ನ ತಡೆಯುತ್ತೆ, ಲಕ್ಷಣ ಕಾಣೋಕೆ ಮೂರರಿಂದ ಐದು ದಿನ ಬೇಕು. ತಿಂದಿದೆ ಅಂತ ಅನುಮಾನ ಬಂದರೆ ಲಕ್ಷಣಕ್ಕೆ ಕಾಯದೆ, ಪಾಷಾಣದ ಪ್ಯಾಕೆಟ್ ಸಮೇತ ಹೋಗಿ. ಪ್ಯಾಕೆಟ್ ನೋಡಿದರೆ ಯಾವ ಔಷಧಿ ಕೊಡಬೇಕು ಅಂತ ಡಾಕ್ಟರ್‌ಗೆ ತಿಳಿಯುತ್ತೆ. ವಾಂತಿ ಮಾಡಿಸೋಕೆ ಅಂತ ಉಪ್ಪು ನೀರು ಕುಡಿಸಬೇಡಿ.

ಗಂಡು ಬೆಕ್ಕು ಪದೇ ಪದೇ ಕೂತು ತಿಣುಕುತ್ತಿದ್ದರೆ ಮಲಬದ್ಧತೆ ಅಂತ ಹರಳೆಣ್ಣೆ ಕುಡಿಸುವವರಿದ್ದಾರೆ. ಅದು ಮೂತ್ರ ಕಟ್ಟಿರೋದು ಇರಬಹುದು. ಒಂದೆರಡು ದಿನದಲ್ಲಿ ಜೀವಕ್ಕೇ ಕುತ್ತು. ಹಾಗೇ ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ತೋರಿಸಲೇಬೇಕು, ಉಪವಾಸದಿಂದ ಅದರ ಲಿವರ್ ಕೆಡುತ್ತೆ.

ತಿನ್ನೋಕೆ ಏನು ಬೇಡ?

ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ಬೇಡ. ದ್ರಾಕ್ಷಿ ಹಾಕಿದ ಕೇಸರಿಬಾತ್ ಉಳಿದರೂ ಅದಕ್ಕೆ ಹಾಕಬೇಡಿ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಹುದು. ದಿನಾ ಬಿಸ್ಕತ್ ಹಾಕೋದು ಪ್ರೀತಿಯೇ ಇರಬಹುದು, ಆದರೆ ಅದು ಮೈದಾ, ಸಕ್ಕರೆ ಅಷ್ಟೆ. ಅನ್ನದ ಜೊತೆ ಬೇಯಿಸಿದ ಮೊಟ್ಟೆಯೋ, ಮೂಳೆ ತೆಗೆದ ಮಾಂಸವೋ ಇದ್ದರೆ ಒಳ್ಳೇದು. ತೋಟಕ್ಕೆ ಬೋರ್ಡೋ ಹೊಡೆಯುವ ದಿನ ನಾಯಿ ಕಟ್ಟಿಹಾಕಿ, ಮೈಲುತುತ್ತ ಕರಡಿದ ಡ್ರಮ್ಮಿನ ನೀರು ಅದು ಕುಡಿಯಬಾರದು.

ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಕೈ ಹಾಕಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ನಾಯಿ ಜೊಲ್ಲು ಸುರಿಸ್ತಿದೆ, ದವಡೆ ಜೋತುಬಿದ್ದಿದೆ, ನೀರು ನುಂಗೋಕೆ ಆಗ್ತಿಲ್ಲ, ಬೊಗಳುವ ದನಿ ಬದಲಾಗಿದೆ ಅಂದ್ರೆ ಅದು ರೇಬೀಸ್ ಇರಬಹುದು. ಮೂಳೆ ತೆಗೆಯೋಕೆ ಅಂತ ಬಾಯಿಗೆ ಕೈ ಹಾಕಿದವರ ಜೀವಕ್ಕೇ ಅಪಾಯ. ರೇಬೀಸ್ ಲಕ್ಷಣ ಶುರುವಾದ ಮೇಲೆ ಪ್ರಾಣಿಗಾಗಲಿ ಮನುಷ್ಯರಿಗಾಗಲಿ ಬದುಕುಳಿಯುವ ಚಿಕಿತ್ಸೆ ಇಲ್ಲ ಎನ್ನುವಷ್ಟು ಅಪರೂಪ. ಕಚ್ಚಿದರೆ, ಪರಚಿದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿಸಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ. ಸಾಕಿದ ನಾಯಿ, ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಡಾಕ್ಟರ್ ಹೇಳಿದಂತೆ ವರ್ಷ ವರ್ಷ ಮುಂದುವರಿಸಿ.

ಎಲ್ಲಿಗೆ ಹೋಗಬೇಕು?

ತಾಲ್ಲೂಕು ಪಶು ಆಸ್ಪತ್ರೆ ಬರೀ ದನಕರುಗಳಿಗಲ್ಲ, ನಾಯಿ ಬೆಕ್ಕಿಗೂ ಅಲ್ಲಿ ಚಿಕಿತ್ಸೆ ಇದೆ. ಲಸಿಕೆ ಸ್ಟಾಕ್ ಇದೆಯಾ ಅಂತ ಮೊದಲೇ ಕೇಳಿಕೊಂಡು ಹೋದರೆ ಓಡಾಟ ತಪ್ಪುತ್ತೆ. ದೊಡ್ಡ ತೊಂದರೆ ಇದ್ದರೆ ಶಿವಮೊಗ್ಗದ ವಿನೋಬನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಸಹಾಯವಾಣಿ 1962. ಇದು ಮುಖ್ಯವಾಗಿ ಜಾನುವಾರುಗಳಿಗೆ ಇರುವ ಸೇವೆ, ನಾಯಿ ಬೆಕ್ಕಿಗೆ ಬರ್ತಾರಾ ಅನ್ನೋದನ್ನ ಕರೆ ಮಾಡಿದಾಗಲೇ ಕೇಳಿಕೊಳ್ಳಿ.

ಹೋಗುವಾಗ ಲಸಿಕೆ ಕಾರ್ಡ್, ಏನು ತಿಂದಿದೆ, ಯಾವಾಗಿಂದ ಹುಷಾರಿಲ್ಲ, ಎಷ್ಟು ಸಲ ವಾಂತಿ ಆಗಿದೆ ಅನ್ನೋ ವಿವರ ಇರಲಿ. ಮನೆಯಲ್ಲಿ ಏನಾದರೂ ಗುಳಿಗೆ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ. ಬೈತಾರೆ ಅಂತ ಸುಮ್ಮನಿದ್ದರೆ ಚಿಕಿತ್ಸೆ ದಾರಿ ತಪ್ಪುತ್ತೆ. ತಾಲ್ಲೂಕು ಪಶು ಆಸ್ಪತ್ರೆಯ ನಂಬರನ್ನು ಇವತ್ತೇ ಮೊಬೈಲಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ, ರಾತ್ರಿ ಹೊತ್ತು ಹುಡುಕುವ ಹಾಗಾಗಬಾರದು.