ಮರಸು ಕೂತವನ ಪಾಡು

ಘಟಪ್ರಭೆಗೆ ಧುಪದಾಳದಲ್ಲಿ ಅಡ್ಡಲಾಗಿ ಒಡ್ಡು ಕಟ್ಟಿದ್ದು 1897ರಲ್ಲಿ. ಅದರ ಹಿನ್ನೀರಿಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಕರ್ಕೊಂಚೆಯೂ ಉಂಟು, ಯುರೋಪಿನ ಬಿಳಿ ಕೊಕ್ಕರೆಯೂ ಉಂಟು. ಅವನ್ನು ನೋಡಲೆಂದು ಹೋದ ನನಗೆ ಮೊದಲು ಕಂಡದ್ದು ಜೋಳದ ಹೊಲದ ನಡುವೆ ನಾಲ್ಕು ಗೂಟಗಳ ಮೇಲೆ ನಿಂತಿದ್ದ ಮಂಚಿಕೆ. ಅದರ ಮೇಲೆ ಕವಣೆ ಹಿಡಿದು ಕುಳಿತಿದ್ದ ಮುದುಕನನ್ನು, “ಅಜ್ಜಾ, ಮ್ಯಾಲ ಕುಂತ್ರ ಎಲ್ಲಾ ಕಾಣ್ತದೇನು?” ಎಂದು ಕೇಳಿದೆ. “ಕಾಣ್ತೈತ್ರಿ ಸರ. ಆದ್ರ ಕಂಡದ್ದೆಲ್ಲಾ ಕೈಗೆ ಸಿಗಂಗಿಲ್ರಿ” ಎಂದ.

ಎತ್ತರದಲ್ಲಿ ಕುಳಿತು ಕಾಯುವ ಬೇಟೆಯ ಇತಿಹಾಸವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆಯೆಂದರೆ ಉತ್ಪ್ರೇಕ್ಷೆಯಾಗಲಾರದು.

ನಮ್ಮ ಮಂಚಿಕೆಗೂ ಹಿಂದಿಯ ಮಚಾನಿಗೂ ಮೂಲ ಸಂಸ್ಕೃತದ ‘ಮಂಚ’ವೇ. ಮಲೆನಾಡಿನವರು ಮರವೇರಿ ಹೊಂಚುವುದನ್ನು ‘ಮರಸು ಕೂರುವುದು’ ಎನ್ನುತ್ತಾರೆ. ಹತ್ತನೆಯ ಶತಮಾನದ ಪಂಪನ ಭಾರತದಲ್ಲಿ ಬೇಟೆಯ ವರ್ಣನೆಯಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ಅರಸರ ವಿನೋದಗಳ ಸಾಲಿಗೆ ಸೇರಿಸಿದ. ಅರಸನಿಗೆ ಮೃಗಗಳನ್ನು ಸೋವಿ ತರುವ ಆಳುಗಳಿದ್ದರು, ನಾಯಿಗಳಿದ್ದವು. ಆಳಿಲ್ಲದ ಬಡವನಿಗೆ ಉಳಿದದ್ದು ಮರದ ಕೊಂಬೆ ಮತ್ತು ತಾಳ್ಮೆ.

ಕೊಂಬೆಯೇನೂ ಸುಖಾಸನವಲ್ಲ. ಹೊಸದಾಗಿ ಕಡಿದ ಬಿದಿರು ಕಿರುಗುಟ್ಟುತ್ತದೆ. ಮರೆಗೆಂದು ಕಟ್ಟಿದ ಸೊಪ್ಪು ಸಂಜೆಯೊಳಗೆ ಬಾಡಿ ಗುಟ್ಟು ಬಯಲಾಗುತ್ತದೆ. ನಡುರಾತ್ರಿಗೆ ಕಾಲು ಜೋಮು ಹಿಡಿಯುತ್ತದೆ. ಸೊಳ್ಳೆಯನ್ನು ಹೊಡೆಯುವಂತಿಲ್ಲ, ಕೆಮ್ಮುವಂತಿಲ್ಲ. ಇಷ್ಟೆಲ್ಲ ಸಹಿಸಿಕೊಂಡರೂ ಗಾಳಿ ತಿರುಗಿತೋ, ಮನುಷ್ಯನ ವಾಸನೆ ಹಿಡಿದ ಮೃಗ ಅತ್ತ ಸುಳಿಯುವುದೇ ಇಲ್ಲ.

ಇನ್ನು ಆಯುಧ. ಘಟಪ್ರಭೆ ಹರಿಯುವ ಮುಧೋಳ ಸೀಮೆಯಲ್ಲೇ, 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸೆವೆಂದು ಕಂಪನಿ ಸರಕಾರದ ಮೇಲೆ ತಿರುಗಿಬಿದ್ದು ಪ್ರಾಣ ತೆತ್ತರು. ಬೇಟೆಗಾರನಿಗೆ ಆಯುಧವೆಂದರೆ ಅಷ್ಟು ಮಾನದ ವಸ್ತು. ಆದರೆ ಮರದ ಮೇಲೆ ಆ ಮಾನ ಕಾಯುವುದು ಕಷ್ಟ. ಕೇಪಿನ ಕೋವಿಯ ಮಸಿ ಇಬ್ಬನಿಗೆ ತೇವವಾದರೆ ಕೇಪು ಸಿಡಿಯುತ್ತದೆ, ಗುಂಡು ಹಾರುವುದಿಲ್ಲ. ಹಾರಿದರೆ ಹೊಗೆ ಕವಿದು, ಮೃಗ ಬಿತ್ತೋ ಓಡಿತೋ ತಿಳಿಯುವುದಿಲ್ಲ. ಎತ್ತರದಿಂದ ಕೆಳಕ್ಕೆ ಗುರಿಯಿಟ್ಟಾಗ ಏಟು ಮೇಲಕ್ಕೆ ಹೋಗುವುದೇ ಹೆಚ್ಚು. ಕತ್ತಲೆಗೆ ಮದ್ದೆಂದು ಬಂದದ್ದು ಬ್ಯಾಟರಿ.

ಬ್ಯಾಟರಿಯನ್ನು ನಂಬಿದವರ ಪಾಡು ತಿಳಿಯಲು ಹಿಮಾಲಯದ ತಪ್ಪಲಿಗೆ ಹೋಗಬೇಕು. ರುದ್ರಪ್ರಯಾಗದ ಚಿರತೆ 1918ರಿಂದ 1926ರವರೆಗೆ 125 ಜನರನ್ನು ಕೊಂದಿತು. ಜಿಮ್ ಕಾರ್ಬೆಟ್ ಬಹುಕಾಲ ಅದರ ಬೆನ್ನು ಹತ್ತಿದ. ವಿಷ ತಿಂದೂ ಅದು ಬದುಕಿತು. ಹಲ್ಲುಳ್ಳ ಕಬ್ಬಿಣದ ಕತ್ತರಿಗೆ ಸಿಕ್ಕೂ ಪಾರಾಯಿತು. ಕೊನೆಗೆ 1926ರ ಮೇ ತಿಂಗಳ ಒಂದು ರಾತ್ರಿ ಆತ ಮಾವಿನ ಮರವೇರಿ, ಕೆಳಗೊಂದು ಆಡು ಕಟ್ಟಿ ಕುಳಿತ. ಆಡಿನ ಕೊರಳ ಗಂಟೆ ಅಲುಗಿತು, ಬ್ಯಾಟರಿ ಹೊತ್ತಿತು, ಗುಂಡು ಹಾರಿತು. ಮರುಕ್ಷಣ ಬ್ಯಾಟರಿ ಆರಿಹೋಯಿತು! ಏಟು ತಗಲಿತೇ ಎಂದು ತಿಳಿಯದೆ ಆತ ಕತ್ತಲಲ್ಲಿ ಕುಳಿತಿರಬೇಕಾಯಿತು. ಚಿರತೆ ಸತ್ತಿತ್ತು.

ಸಾಯದೆ ಹೋಗಿದ್ದರೆ? ಈ ಬೇಟೆಯ ನಿಜವಾದ ಲೆಕ್ಕ ಅಲ್ಲಿದೆ. ಇದೇ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಬಲಿ ತೆಗೆದುಕೊಂಡಿತ್ತೆಂದು ಲೆಕ್ಕ. ಅದರ ಬಾಯಿಯ ಬಲಬದಿಯ ಕೋರೆಹಲ್ಲುಗಳೆರಡೂ ಹಳೆಯ ಗುಂಡೇಟಿನಿಂದ ಮುರಿದಿದ್ದವು. ಸಹಜ ಬೇಟೆ ಕೈಲಾಗದ ಪ್ರಾಣಿ ಮನುಷ್ಯನತ್ತ ತಿರುಗಿತು. ಯಾರೋ ಒಬ್ಬನ ಗುರಿ ತಪ್ಪಿತು. ಆತ ಮನೆಗೆ ಹೋಗಿ ಕೋವಿಯನ್ನೋ ಕತ್ತಲೆಯನ್ನೋ ಬೈದು ಮಲಗಿರಬೇಕು. ಬೆಲೆ ತೆತ್ತವರು ಹುಲ್ಲು ಸೌದೆಗೆಂದು ಕಾಡಿಗೆ ಹೋದ ಹೆಂಗಸರು. ಬೆಂಗಳೂರಿನ ಕೆನೆತ್ ಆಂಡರ್ಸನ್ ಬರೆದ ನಮ್ಮ ಸೀಮೆಯ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ. ಗಾಯಗೊಂಡ ಮೃಗದ ಭಯ ಅವುಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಜಿಂಕೆಬೇಟೆಗಾರರಲ್ಲಿ ಅನೇಕರು ಮಂಚಿಕೆ ಬಿಟ್ಟು, ಸೊಂಟಕ್ಕೆ ಪಟ್ಟಿ ತೊಟ್ಟು ಹಗ್ಗದಿಂದ ಕಾಂಡಕ್ಕೆ ಜೋತು ಕೂರುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಮರದ ಜೀನು! ಕುದುರೆಯಾದರೂ ನಡೆದೀತು, ಮರ ನಡೆಯುವುದುಂಟೆ? ಪಟ್ಟಿ ಸೊಂಟ ಹಿಂಡುತ್ತದೆ, ಮೊಣಕಾಲು ತೊಗಟೆಗೆ ಉಜ್ಜುತ್ತದೆಯೆಂದು ಗೊಣಗುವವರು ಅಲ್ಲಿಯೂ ಇದ್ದಾರೆ. ಉತ್ತರ ಕನ್ನಡದ ಕೊನೆಗಾರರು ಹಗ್ಗಕ್ಕೆ ಕಟ್ಟಿದ ಸಣ್ಣ ಮಣೆಯ ಮೇಲೆಯೇ ಅಡಿಕೆಮರದಲ್ಲಿ ಕುಳಿತು ಕೆಲಸ ಮಾಡಿದವರು. ಸಲಕರಣೆ ಸರಳವಾದಷ್ಟೂ ಕೂರುವವನ ಅಭ್ಯಾಸವೇ ಮುಖ್ಯವಾಗುತ್ತದೆ; ಆ ಅಭ್ಯಾಸ ಅಂಗಡಿಯಲ್ಲಿ ಸಿಗುವುದಿಲ್ಲ.

1972ರ ವನ್ಯಜೀವಿ ಕಾಯಿದೆ ನಮ್ಮಲ್ಲಿ ಈ ಬೇಟೆಯ ಅಧ್ಯಾಯವನ್ನು ಮುಗಿಸಿತು. 1974ರಲ್ಲಿ ಘಟಪ್ರಭೆಯ ಈ ಹಿನ್ನೀರು ಪಕ್ಷಿಧಾಮವಾಯಿತು. ಕದ್ದು ಕೂರುವವರು ಇಲ್ಲವೆಂದಲ್ಲ. ಆದರೆ ಕಾಯುವ ವಿದ್ಯೆಗೆ ಕೋವಿಯೇ ಬೇಕೆಂಬ ನಿಯಮವಿಲ್ಲ. ಗಾಳಿ ನೋಡಿ, ಮೈ ಅಲುಗಿಸದೆ ಕೂರಬಲ್ಲವನಿಗೆ ಹಕ್ಕಿ ಹತ್ತಿರ ಬರುತ್ತದೆ. ಅವನ ಗುರಿ ತಪ್ಪಿದರೂ ಯಾರ ಮನೆಯೂ ಹಾಳಾಗುವುದಿಲ್ಲ.

ನಾನು ಹೊರಡುವಾಗ ಅಜ್ಜ ಕವಣೆ ಬೀಸಿದ. ಗಿಳಿಗಳ ಹಿಂಡು ಚೀರುತ್ತ ಎದ್ದು, ಒಂದು ಸುತ್ತು ಹಾಕಿ, ಅದೇ ಹೊಲದ ಇನ್ನೊಂದು ತುದಿಯಲ್ಲಿ ಇಳಿಯಿತು. ಅಜ್ಜ ನಕ್ಕು, ಮತ್ತೊಂದು ಕಲ್ಲಿಗೆ ಕೈಹಾಕಿದ.